ಸೋಲ್ಡರ್ ಗೆರೆಯ ಮೇಲೆ ಬಿಳಿ ಪುಡಿ: ತಪ್ಪು ಉಪ್ಪುಗಾಳಿಯದೇ?

ಪ್ರಶ್ನೆ: ಕಾಪರ್ ಫಾಯಿಲ್ ಸುತ್ತಿ ಮಾಡಿದ ಬಣ್ಣದ ಗಾಜಿನ ಪ್ಯಾನೆಲನ್ನು ಬೇಸಿಗೆಯಲ್ಲಿ ಕಿಟಕಿಗೆ ಕೂರಿಸಿದೆವು. ಮಳೆಗಾಲ ಶುರುವಾದ ಮೇಲೆ ಸೋಲ್ಡರ್ (ಸೀಸ-ತವರದ ಬೆಸುಗೆ) ಗೆರೆಗಳ ಮೇಲೆ ಬಿಳಿ ಪುಡಿ ಎದ್ದಿದೆ. ಮನೆ ಕಾರವಾರದ ಕೋಡಿಬಾಗದಲ್ಲಿ. ಉಪ್ಪುಗಾಳಿಯೇ ಕಾರಣವೇ?

ಉತ್ತರ: ಉಪ್ಪುಗಾಳಿಗೂ ಪಾಲಿದೆ, ಆದರೆ ಮೊದಲು ಅನುಮಾನಿಸಬೇಕಾದದ್ದು ಫ್ಲಕ್ಸನ್ನು, ಅಂದರೆ ಬೆಸುಗೆ ಹಿಡಿಯಲೆಂದು ಫಾಯಿಲ್‌ಗೆ ಮೊದಲು ಹಚ್ಚುವ ರಾಸಾಯನಿಕವನ್ನು. ಈ ಕೆಲಸಕ್ಕೆ ಬಳಸುವ ಫ್ಲಕ್ಸ್‌ಗಳಲ್ಲಿ ಹೆಚ್ಚಿನವು ಜಿಂಕ್ ಕ್ಲೋರೈಡ್‌ನವು. ಅದು ಗಾಳಿಯ ತೇವ ಹೀರುತ್ತದೆ. ಏಪ್ರಿಲ್‌ನಲ್ಲಿ ಸುಮ್ಮನಿದ್ದ ಉಳಿಕೆ ಜೂನ್‌ನಲ್ಲಿ ಪಸೆಗಟ್ಟಿ ಸೋಲ್ಡರ್‌ನ ಸೀಸವನ್ನು ತಿನ್ನತೊಡಗುತ್ತದೆ. ಫಾಯಿಲ್ ಅಂಚಿನಲ್ಲಿ ಪುಡಿ ಹೆಚ್ಚಿದ್ದು, ಅಲ್ಲಲ್ಲಿ ಹಸಿರು ಕಲೆಯೂ ಕಂಡರೆ ಬಹುಮಟ್ಟಿಗೆ ಅದೇ.

ಪುಡಿ ಚೌಕಟ್ಟಿನ ಬದಿಗೇ ದಟ್ಟವಾಗಿದ್ದರೆ, ಕೂರಿಸಲು ಬಳಸಿದ ಸಿಲಿಕೋನ್ ಯಾವುದೆಂದು ನೋಡಿ. ಹಚ್ಚುವಾಗ ವಿನೆಗರ್ ವಾಸನೆ ಬಂದಿದ್ದರೆ ಅದು ಅಸಿಟಿಕ್ ಜಾತಿಯದು. ಆ ಆಮ್ಲದ ಆವಿಗೆ ಸೀಸ ಬೆಳ್ಳಗಾಗುತ್ತದೆ. ಅದನ್ನು ಕಿತ್ತು, ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಹಾಕಿ. ಹೊಸ ಪ್ಲೈವುಡ್ ಕೂಡ ಆಮ್ಲದ ಆವಿ ಬಿಡುವುದರಿಂದ, ಅಂಥ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಪ್ಯಾನೆಲ್‌ಗೂ ಇದೇ ಗತಿ.

ಪುಡಿಯನ್ನು ಒಣ ಬ್ರಶ್‌ನಿಂದ ಕೆರೆಯಲೇಬೇಡಿ, ಅದರಲ್ಲಿ ಸೀಸವಿದೆ. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮತ್ತೆ ಬಳಸದೆ ಬೇರೆಯಾಗಿ ಕಟ್ಟಿಡಿ. ಬಳಿಕ ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಮೆದು ಬ್ರಶ್‌ನಿಂದ ಎರಡೂ ಬದಿ ಉಜ್ಜಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಇನ್ನೊಮ್ಮೆ ತೊಳೆದು, ಚೆನ್ನಾಗಿ ಜಾಲಿಸಿ. ನೀರಿನಲ್ಲಿ ನೆನೆಹಾಕಿದರೆ ಫಾಯಿಲ್ ಅಡಿಗೆ ನೀರು ಇಳಿಯುತ್ತದೆ. ಮಳೆಗಾಲದ ಹವೆಯಲ್ಲಿ ಫ್ಯಾನ್ ಕೆಳಗೆ ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಆಮೇಲೆ ಕಾರ್ನೌಬಾ ಮೇಣ (ಒಂದು ಬಗೆಯ ತಾಳೆ ಎಲೆಯ ಮೇಣ) ತೆಳ್ಳಗೆ ಹಚ್ಚಿ. ಒಣಗುವ ಮೊದಲೇ ಮೇಣ ಹಚ್ಚಿದರೆ ಪಸೆ ಒಳಗೇ ಉಳಿಯುತ್ತದೆ.

ಮುಂದಿನ ಪ್ಯಾನೆಲ್‌ಗೆ ಫ್ಲಕ್ಸನ್ನು ತೆಳುವಾಗಿ ಹಚ್ಚಿ, ಸೋಲ್ಡರ್ ಮುಗಿದ ಸಂಜೆಯೇ ತೊಳೆಯಿರಿ. ಬೆಳಿಗ್ಗೆ ನೋಡೋಣ ಎಂದರೆ ಆಗದು. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಕರಗುತ್ತದೆ. 80ರಿಂದ 100 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಎಲೆಕ್ಟ್ರಾನಿಕ್ಸ್‌ನ, ಒಳಗೆ ರೋಸಿನ್ (ಮರದ ರಾಳ) ತುಂಬಿದ ಸೋಲ್ಡರ್ ತಂತಿ ಬೇಡ, ಅಂಟಂಟಾಗಿ ಉಳಿಯುತ್ತದೆ. ಫಾಯಿಲ್ ಏಳುತ್ತಿದ್ದರೆ, ಗ್ರೈಂಡ್ ಮಾಡಿದ ಗಾಜಿನ ಹುಡಿಯೋ ಕೈಯೆಣ್ಣೆಯೋ ಅಂಚಿನಲ್ಲಿ ಉಳಿದಿರುತ್ತದೆ.

ಕಡಲಿಗೆ ಮುಖ ಮಾಡಿದ ಕಿಟಕಿಯಲ್ಲಿ ಫಾಯಿಲ್ ಕೆಲಸವನ್ನು ನೇರ ಮಳೆಗೆ ಒಡ್ಡುವುದು ತಪ್ಪು. ಹೊರಗೆ 5 ಮಿ.ಮೀ. ಸಾದಾ ಗಾಜು ಹಾಕಿ, ಪ್ಯಾನೆಲನ್ನು ಒಳಬದಿಗೆ ನಿಲ್ಲಿಸಿ. ನಡುವಿನ ಸಂದು ಮೇಲೆ-ಕೆಳಗೆ ಕೋಣೆಯ ಕಡೆಗೆ ತೆರೆದಿರಲಿ; ಪೂರ್ತಿ ಮುಚ್ಚಿದರೆ ಒಳಗೇ ನೀರು ಕಟ್ಟುತ್ತದೆ.