‘ಮನೇಲಿ ಮಾಡುತ್ತೆ ಸಾರ್!’

ಹೊರಗೆ ನಾಯಿ ಮಾತು ಕೇಳದಿದ್ದಾಗ, ತರಬೇತಿ ಕೊಡುವ ನಾನು ಯಜಮಾನರಿಂದ ದಿನಾ ಕೇಳುವ ಮಾತಿದು. ಹೋದ ತಿಂಗಳು ಪಾರ್ಕಿನಲ್ಲಿ ಒಬ್ಬರು ತಮ್ಮ ಲ್ಯಾಬ್ರಡಾರ್‌ಗೆ ‘ಸಿಟ್, ಸಿಟ್, ಸಿಟ್ ಅಂದ್ರೆ!’ ಎನ್ನುತ್ತಿದ್ದರು. ಅದರ ಕಣ್ಣು ಬೇಲಿಯಾಚೆಯ ಬೀದಿನಾಯಿ ಮೇಲೆ. ಐದನೇ ಸಲಕ್ಕೆ ಕೂತಿತು. ‘ನೋಡಿ, ಕೂರುತ್ತೆ’ ಎಂದರು ಯಜಮಾನರು. ಕೂತಿತು, ನಿಜ. ಆದರೆ ಮೊದಲ ನಾಲ್ಕು ಸಲ ಕೇಳಿಸಿಕೊಳ್ಳಬೇಕಾಗಿಲ್ಲ ಅನ್ನೋದನ್ನೂ ಅದು ಕಲಿತುಬಿಟ್ಟಿದೆ.

ಇಂಥವರಿಗೆ ನಾನು ಒಬೀಡಿಯನ್ಸ್ ಸ್ಪರ್ಧೆಯ, ಅಂದರೆ ನಾಯಿ ಹೇಳಿದ್ದನ್ನು ಎಷ್ಟು ಸರಿಯಾಗಿ ಮಾಡುತ್ತೆ ಎಂದು ಅಂಕ ಹಾಕುವ ಸ್ಪರ್ಧೆಯ, ವಿಡಿಯೋ ತೋರಿಸುತ್ತೇನೆ. ‘ನಮಗೇನು ಕಪ್ ಬೇಕಾ?’ ಎಂದು ನಗುತ್ತಾರೆ. ಬೇಡ. ಅಲ್ಲಿಯ ಲೆಕ್ಕ ಇಡುವ ರೀತಿ ಬೇಕು.

ಅಮೆರಿಕದಲ್ಲಿ ಇದನ್ನು ಶುರು ಮಾಡಿದವರು ಗುಂಗುರು ಕೂದಲಿನ ಪೂಡಲ್ ನಾಯಿ ಸಾಕುತ್ತಿದ್ದ ಹೆಲೆನ್ ವೈಟ್‌ಹೌಸ್ ವಾಕರ್, 1933ರಲ್ಲಿ. ಪೂಡಲ್ ಅಂದರೆ ಬರೀ ಶೋಕಿ ನಾಯಿ ಅನ್ನುವವರಿಗೆ ಅದರ ಬುದ್ಧಿ ತೋರಿಸಬೇಕೆಂಬ ಹಟ ಅವರದು. 1936ರಲ್ಲಿ ಅಲ್ಲಿಯ ತಳಿ ನಾಯಿಗಳ ಸಂಸ್ಥೆ ಅಮೆರಿಕನ್ ಕೆನಲ್ ಕ್ಲಬ್ ನಿಯಮಗಳನ್ನು ಜಾರಿಗೆ ತಂದಿತು. ಹೊಸಬರ ‘ನೋವಿಸ್’ ದರ್ಜೆಗೆ ಒಟ್ಟು 200 ಅಂಕ, ಪಾಸಾಗಲು 170. ಕರೆದರೆ ಬರುವ ಪರೀಕ್ಷೆ ಅದರಲ್ಲಿ ಒಂದು. ಒಂದೇ ಸಲ ಕರೆಯಬೇಕು. ಬರಲಿಲ್ಲವಾ, ಸೊನ್ನೆ. ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವ ಹಾಗೂ ಇಲ್ಲ.

ಅಲ್ಲಿ ಕೂತದ್ದು ಸ್ವಲ್ಪ ಸೊಟ್ಟಗಾದರೂ ಅಂಕ ಹೋಗುತ್ತದೆ. ನಮಗೆ ಅದು ಯಾಕೆ? ನಮ್ಮ ರಸ್ತೆಯಲ್ಲಿ ನಾಯಿ ಮುಖ ನೋಡುತ್ತಾ ಕಾಲಿಗೆ ಅಂಟಿಕೊಂಡು ನಡೆಯಬೇಕಿಲ್ಲ. ಬೆಲ್ಟ್ ಎಳೆಯದೆ, ಸುಮ್ನೆ ಮೂಸುತ್ತಾ ಬಂದರೆ ಸಾಕು. ಆದರೆ ನಿಲ್ಲಿಸಿ ಮುಟ್ಟಿಸಿಕೊಳ್ಳುವ ಪರೀಕ್ಷೆಯನ್ನು ನಾನು ಎಲ್ಲರಿಗೂ ಕಲಿಸುತ್ತೇನೆ. ನಾಯಿ ನಿಂತಿರಬೇಕು, ಯಜಮಾನರು ಆರು ಅಡಿ ದೂರ ಹೋಗಬೇಕು, ಗೊತ್ತಿಲ್ಲದ ಜಡ್ಜ್ ಬಂದು ತಲೆ, ಮೈ, ಹಿಂಭಾಗ ಮುಟ್ಟುತ್ತಾರೆ. ಇದು ಬಂದ ನಾಯಿಯನ್ನು ಇಂಜೆಕ್ಷನ್ನಿಗೆ ಮೂರು ಜನ ಹಿಡಿಯಬೇಕಿಲ್ಲ. ಆರು ಅಡಿಯಿಂದ ಶುರು ಮಾಡಬೇಡಿ, ಅಷ್ಟೇ. ಮೊದಲು ನೀವೇ ಪಕ್ಕದಲ್ಲಿದ್ದು, ಪರಿಚಯದವರು ಒಂದು ಸಲ ಭುಜ ಮುಟ್ಟಲಿ. ನಾಯಿ ಹಿಂದೆ ಸರಿದರೆ ಅಂದಿಗೆ ಬಿಟ್ಟುಬಿಡಿ.

ಇನ್ನು ‘ಮನೇಲಿ ಮಾಡುತ್ತೆ’ ವಿಷಯ. ಅದೇನೂ ಸುಳ್ಳಲ್ಲ. ನಾಯಿ ಮಾತನ್ನು ಮಾತ್ರ ಕಲಿಯುವುದಿಲ್ಲ. ಅಡುಗೆಮನೆಯ ನೆಲ, ನಿಮ್ಮ ಕೈಯ ಡಬ್ಬಿ, ನೀವು ಎದುರಿಗೆ ನಿಂತ ರೀತಿ, ಎಲ್ಲ ಸೇರಿದರೇ ಅದಕ್ಕೆ ‘ಸಿಟ್’. ಪಾರ್ಕಿನಲ್ಲಿ ಇದ್ಯಾವುದೂ ಇಲ್ಲ. ಸ್ಪರ್ಧೆಗೆ ಹೋಗುವವರು ಇದಕ್ಕೇ ಜಾಗ, ದೂರ, ಗದ್ದಲವನ್ನು ಒಂದೊಂದಾಗಿ ಬದಲಿಸಿ ಅಭ್ಯಾಸ ಮಾಡಿಸುತ್ತಾರೆ. ಎಲ್ಲ ಒಟ್ಟಿಗೇ ಬದಲಿಸಿ ‘ಹಟಮಾರಿ’ ಎಂದು ಬೈಯುವವರು ನಾವು.

ಲ್ಯಾಬ್ರಡಾರ್ ಯಜಮಾನರಿಗೆ ಫ್ರಿಜ್ ಮೇಲೆ ಅಂಟಿಸಲು ಒಂದು ಚೀಟಿ ಕೊಟ್ಟೆ. ಹತ್ತು ಸಲ ಹೇಳಿ, ಪ್ರತಿ ಸಲ ಒಂದೇ ಬಾರಿ. ಕೂತರೆ ಗೀಟು ಹಾಕಿ. ಕೂರದಿದ್ದರೆ ಮತ್ತೆ ಹೇಳಬೇಡಿ, ನಾಲ್ಕು ಹೆಜ್ಜೆ ಬೇರೆ ಕಡೆ ನಡೆಯಿರಿ. ಬಿಸ್ಕತ್ತು ಧಾರಾಳವಾಗಿ ಕೊಡಿ, ನಾವೇನು ಸ್ಪರ್ಧೆಯ ಅಂಕಣದೊಳಗಿಲ್ಲ.

ವಾರದ ನಂತರ ಫೋನ್ ಬಂತು. ಹತ್ತಕ್ಕೆ ಮನೆಯ ಹಾಲ್‌ನಲ್ಲಿ ಒಂಬತ್ತು, ಮೆಟ್ಟಿಲ ಹತ್ತಿರ ಆರು, ಗೇಟಿನಲ್ಲಿ ಎರಡು.

‘ಗೇಟ್ ಹತ್ರ ಬೇರೆ ನಾಯೀನೇ ಆಗ್ಬಿಡುತ್ತೆ ಸಾರ್. ಅಲ್ಲೇ ಜಾಸ್ತಿ ಮಾಡಿಸ್ಲಾ?’

ಗೇಟು ಇನ್ನೂ ಬೇಡ, ನಾಳೆಯಿಂದ ಮೆಟ್ಟಿಲು ಎಂದೆ.