ಕಡಿಮೆ ಮಾಡಿ ಎಂದರೆ ಬಿಟ್ಟುಬಿಡಿ ಎಂದಲ್ಲ

ಆರು ವಾರ ಫಿಸಿಯೋಥೆರಪಿ ಮುಗಿಸಿ, ಬೆರಳುಗಳನ್ನು ಪೂರ್ತಿ ಮಡಚಿ ತೋರಿಸಿ ನಗುತ್ತ ಮನೆಗೆ ಹೋದವರು ನಾಲ್ಕು ತಿಂಗಳಿಗೆ ಮೊಣಕೈ ಚಾಚಲಾಗದೆ ಮರಳಿ ಬರುತ್ತಾರೆ. ಏಕೆಂದು ಕೇಳಿದರೆ, ‘ಬಾವು ಬಂದಾಗ ವ್ಯಾಯಾಮ ಬೇಡ ಎಂದು ನೀವೇ ಹೇಳಿದ್ದಿರಲ್ಲ ಮೇಡಂ!’ ನಾನು ಹಾಗೆ ಹೇಳಿರುವುದಿಲ್ಲ. ಕಡಿಮೆ ಮಾಡಿ ಎಂದಿರುತ್ತೇನೆ.

ನಾನು ಹೇಳುತ್ತಿರುವುದು ರುಮಟಾಯ್ಡ್ ಸಂಧಿವಾತದವರ ಬಗ್ಗೆ. ಇದು ಮಂಡಿ ಸವೆತವಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆ. ಅದನ್ನು ಹತೋಟಿಯಲ್ಲಿಡುವುದು ಔಷಧ. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನ ಕೆಲಸ ನನ್ನ ವ್ಯಾಯಾಮದಿಂದ ಆಗದು. ಆದರೆ ಕುಳಿತಲ್ಲೇ ಕುಳಿತವರ ತೊಡೆಯ ಸ್ನಾಯು ಕರಗುವುದನ್ನು ಮಾತ್ರೆಯೂ ತಡೆಯದು. ಈ ರೋಗಿಗಳಿಗೆ ಹೃದ್ರೋಗದ ಅಪಾಯವೂ ಹೆಚ್ಚು, ನಡಿಗೆ ಆ ಕಾರಣಕ್ಕೂ ಬೇಕು.

ಮತ್ತೊಮ್ಮೆ ಹೇಳುತ್ತೇನೆ. ಕೀಲು ಬಿಸಿಯಾಗಿ ಊದಿಕೊಂಡ ದಿನ ಭಾರ ಎತ್ತಬೇಡಿ, ಬಿರುಸಾಗಿ ನಡೆಯಬೇಡಿ. ಬೆಳಗಿನ ಬಿಗಿತ ಇಳಿದ ಮೇಲೆ ಪ್ರತಿ ಕೀಲನ್ನೂ ಅದು ಹೋಗುವಷ್ಟು ದೂರ ನಾಲ್ಕೈದು ಬಾರಿ ಮೆಲ್ಲಗೆ ಆಡಿಸಿ. ಮಂಡಿ ಮಡಚದೆ ತೊಡೆಯ ಸ್ನಾಯುವನ್ನು ಬಿಗಿಮಾಡಿ, ಐದು ಎಣಿಸಿ ಸಡಿಲ ಬಿಡಿ. ಇದೂ ವ್ಯಾಯಾಮವೇ. ಬಾವು ಇಳಿದ ಮೇಲೆ ಹತ್ತು ನಿಮಿಷದ ನಡಿಗೆಯಿಂದ ಮತ್ತೆ ಶುರು ಮಾಡಿ. ವಾರಕ್ಕೆ 150 ನಿಮಿಷ ಎಂಬುದು ತಲುಪಬೇಕಾದ ಲೆಕ್ಕ, ಮೊದಲ ವಾರದ್ದಲ್ಲ. ‘ಮಾಡಿದರೆ ನೋಯುತ್ತದೆ’ ಎನ್ನುವವರಿಗೆ ಗೋಡೆಯ ಗಡಿಯಾರ ತೋರಿಸುತ್ತೇನೆ. ವ್ಯಾಯಾಮ ಮುಗಿದು ಎರಡು ಗಂಟೆ ಕಳೆದರೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ, ಮರುದಿನ ಹತ್ತು ಸಲದ ಬದಲು ಐದು ಸಲ ಮಾಡಿ. ಐದು. ಸೊನ್ನೆಯಲ್ಲ.

ಒಂದೇ ಕೀಲು ಏಕಾಏಕಿ ಕೆಂಪಾಗಿ, ಜ್ವರವೂ ಬಂದರೆ ಮಾತ್ರ ನನ್ನ ಬಳಿಗಲ್ಲ, ಅಂದೇ ವೈದ್ಯರ ಬಳಿಗೆ ಹೋಗಿ. ಕತ್ತಿನ ಕೀಲಿಗೂ ಈ ರೋಗ ತಗಲುವುದುಂಟು. ಯಾರನ್ನೂ ಕೇಳದೆ ಶೀರ್ಷಾಸನಕ್ಕೆ ಇಳಿಯಬೇಡಿ.

ಧಾರವಾಡದ ಕಡೆಯ ಒಬ್ಬ ಹಿರಿಯರಿಗೆ ಅಡ್ಡಿಯಾದದ್ದು ಸೊಸೆಯ ಪ್ರೀತಿ. ‘ನೀವು ಸುಮ್ಮನೆ ಕುಳಿತುಕೊಳ್ಳಿ ಅತ್ತೆ’ ಎಂದು ಚಹಾದ ಲೋಟವನ್ನೂ ಬಾಯಿಯ ತನಕ ಹಿಡಿಯುತ್ತಿದ್ದಳು. ನಲವತ್ತು ವರ್ಷ ಜೋಳದ ರೊಟ್ಟಿ ತಟ್ಟಿದ ಕೈ ಮಡಿಲಲ್ಲಿ ಮುದುಡಿ ಕುಳಿತಿತ್ತು. ಇಬ್ಬರನ್ನೂ ಕೂರಿಸಿಕೊಂಡು ಒಂದು ರಾಜಿ ಮಾಡಿಸಿದೆ. ಹಿಟ್ಟು ನಾದುವುದು ಸೊಸೆ, ಬಟ್ಟೆ ಹಿಂಡುವುದು ಮಗ (ಮಣಿಕಟ್ಟು ತಿರುಚುವ ಕೆಲಸ ಅವರಿಗೆ ಬೇಡ), ಬಾವಿಲ್ಲದ ದಿನ ನಾಲ್ಕು ರೊಟ್ಟಿ ತಟ್ಟುವುದು ಅತ್ತೆ. ಎಲ್ಲರಿಗೂ ಇದೇ ಸರಿಯೆಂದು ಹೇಳಲಾರೆ, ಅವರ ಕೈ ನೋಡಿ ಹೇಳಿದ ಮಾತಿದು.

ಕಳೆದ ವಾರ ಬಂದಿದ್ದರು. ನಾಲ್ಕು ಆರಾಗಿದೆಯಂತೆ.

‘ಎರಡು ಗಂಟೆಯ ನಂತರ ನೋವಿತ್ತೆ?’ ಎಂದು ಕೇಳಿದೆ.

‘ಉಂಡು ಮಲಗಿಬಿಟ್ಟಿದ್ದೆ, ನೋಡಲಿಲ್ಲ’ ಎಂದರು.