ರಿಪೋರ್ಟ್ ನಾರ್ಮಲ್, ಆದರೂ ಏದುಸಿರು: ಎಲ್ಲಿ ಹುಡುಕಬೇಕು?

ಎದೆಯ ಎಕ್ಸ್‌ರೇ ಸರಿ ಇದೆ. ಇಸಿಜಿ ಸರಿ ಇದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿದೆ. ಆದರೂ ಒಂದು ಮಹಡಿ ಹತ್ತುವಷ್ಟರಲ್ಲಿ ರೋಗಿಗೆ ಏದುಸಿರು. ನರ್ಸಿಂಗ್, ಫಿಸಿಯೋಥೆರಪಿ ಓದುವ ನಮಗೆಲ್ಲ ಇಂಥ ಕೇಸ್ ಸಿಕ್ಕೇ ಸಿಗುತ್ತದೆ. ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಅಂತ ಬರೆದು ಕಳಿಸುವುದು ಸುಲಭ. ಅದರಲ್ಲೂ ರೋಗಿ ಹೆಂಗಸಾಗಿದ್ದರೆ ಈ ಮಾತು ಬೇಗ ಬಾಯಿಗೆ ಬರುತ್ತದೆ. ಅದು ಅನ್ಯಾಯ. ಮಾಡಿಸಿದ ಪರೀಕ್ಷೆಗಳು ಏನನ್ನು ನೋಡಿವೆ, ಏನನ್ನು ನೋಡಿಯೇ ಇಲ್ಲ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು.

ಅದಕ್ಕೂ ಮುಂಚೆ ತುರ್ತಿನ ಮಾತು ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿತು, ಎದೆ ನೋಯುತ್ತಿದೆ, ತುಟಿ ನೀಲಿಯಾಗಿದೆ, ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ತಲೆ ಸುತ್ತಿ ಬಿದ್ದರು: ಇವುಗಳಲ್ಲಿ ಒಂದಿದ್ದರೂ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಆಪರೇಷನ್, ಹೆರಿಗೆ ಅಥವಾ ತುಂಬಾ ದಿನ ಹಾಸಿಗೆ ಹಿಡಿದ ಮೇಲೆ ಹೀಗಾದರೆ, ಒಂದೇ ಕಾಲು ಊದಿದ್ದರಂತೂ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಹೋಗಿ ಕೂತಿರಬಹುದು. ಅದರಲ್ಲೂ ಎಕ್ಸ್‌ರೇ ಎಷ್ಟೋ ಸಲ ನಾರ್ಮಲ್ ಆಗಿಯೇ ಇರುತ್ತದೆ.

ಈಗ ಆ 98ರ ವಿಷಯಕ್ಕೆ ಬರೋಣ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಶೇಕಡ ಆಮ್ಲಜನಕ ತುಂಬಿದೆ ಅಂತ ಮಾತ್ರ. ಬಸ್ಸು ಭರ್ತಿಯಾಗಿದೆ ಅಂತ ಅದು ಹೇಳುತ್ತದೆ, ಎಷ್ಟು ಬಸ್ಸು ಓಡುತ್ತಿವೆ ಅಂತ ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 15 ಗ್ರಾಂ ಇದ್ದರೆ ಹತ್ತಿರ ಹತ್ತಿರ 20 ಮಿ.ಲೀ. ಆಮ್ಲಜನಕ. ಅದೇ 7ಕ್ಕೆ ಇಳಿದರೆ ಸಿಗುವುದು 9 ಮಿ.ಲೀ. ಅಷ್ಟೇ. ಎರಡೂ ಸಂದರ್ಭದಲ್ಲಿ ಬೆರಳ ಮೇಲೆ ಕಾಣುವುದು ಅದೇ 98! ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇತ್ತು. ಹಾಗಿರುವಾಗ ರಕ್ತ ಪರೀಕ್ಷೆ ಮಾಡಿಸದೆ ‘ಕಾರಣ ಗೊತ್ತಾಗಲಿಲ್ಲ’ ಅನ್ನುವುದು ಸರಿಯಲ್ಲ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಾ ಅಂತ ನಾವೇ ಕೇಳಬೇಕು, ಎಷ್ಟೋ ಜನ ಅವರಾಗಿ ಹೇಳುವುದಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಅದರ ಜೊತೆ ಕಾಫಿ, ಟೀ ಬೇಡ ಅಂತಲೂ ಹೇಳಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಇರಬಹುದು, ನೆನಪಿರಲಿ.

ಮುಂದಿನ ಸುಳಿವು, ತೊಂದರೆ ಯಾವಾಗ ಬರುತ್ತದೆ ಅನ್ನುವುದು. ರಾತ್ರಿ ಮೂರು ಗಂಟೆಗೆ ಕೆಮ್ಮು, ಎದೆ ಬಿಗಿತ, ಬೆಳಗ್ಗೆ ಆಸ್ಪತ್ರೆಗೆ ಬರುವಾಗ ಆರಾಮ ಅಂದರೆ ಅಸ್ತಮಾ ಇರಬಹುದು. ದಾಳಿ ಇಲ್ಲದ ಹೊತ್ತಲ್ಲಿ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಪರೀಕ್ಷೆ) ಪೂರ್ತಿ ನಾರ್ಮಲ್ ಬರಬಹುದು. ಅದಕ್ಕೇ ಊದುವ ಗಾಳಿಯ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಮನೆಗೆ ಕೊಟ್ಟು ಎರಡು ವಾರ ಬೆಳಗ್ಗೆ, ಸಂಜೆ ಊದಿ ಬರೆದಿಡಲು ಹೇಳುತ್ತಾರೆ. ದಿನದೊಳಗಿನ ಏರಿಳಿತ ಸರಾಸರಿ 10% ದಾಟಿದರೆ ಅಸ್ತಮಾದ ಅನುಮಾನ ಗಟ್ಟಿಯಾಗುತ್ತದೆ. ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳು, ಬಾಲ್ಕನಿಯ ಪಾರಿವಾಳ ಎಲ್ಲವನ್ನೂ ವಿಚಾರಿಸಿ. ಪಾರಿವಾಳದ ಹಿಕ್ಕೆ ಮತ್ತು ಪುಕ್ಕದ ಧೂಳಿನಿಂದ ಬರುವುದು ಬೇರೆಯದೇ ಕಾಯಿಲೆ, ಶ್ವಾಸಕೋಶಕ್ಕೇ ಉರಿಯೂತ. ಅದನ್ನು ಕಾಣಲು ಸಿಟಿ ಸ್ಕ್ಯಾನ್ ಬೇಕಾಗಬಹುದು. ಬೀಡಿ ಮುಟ್ಟದ ಅಜ್ಜಿಗೂ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಳಿದುಬಿಡುವ ದೀರ್ಘಕಾಲದ ಕಾಯಿಲೆ) ಬರುತ್ತದೆ.

ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಬೇಕು, ಬಗ್ಗಿ ಸೀರೆ ನೆರಿಗೆ ಸರಿಮಾಡಿಕೊಳ್ಳುವಾಗಲೂ ಉಸಿರು ಸಿಗಲ್ಲ ಅಂದರೆ ಹೃದಯವನ್ನು ನೋಡಿ. ಬಿಪಿ, ಶುಗರ್, ತೂಕ ಜಾಸ್ತಿ ಇರುವ ವಯಸ್ಸಾದವರಲ್ಲಿ ಕೆಲವೊಮ್ಮೆ ಹೃದಯ ಚೆನ್ನಾಗಿಯೇ ಹಿಂಡುತ್ತದೆ, ಆದರೆ ಸ್ನಾಯು ಗಟ್ಟಿಯಾಗಿಬಿಟ್ಟು ಸರಿಯಾಗಿ ಸಡಿಲಗೊಳ್ಳುವುದಿಲ್ಲ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) 60% ಅಂತ ನೋಡಿ ಸಮಾಧಾನ ಪಟ್ಟುಕೊಂಡರೆ ಇದು ತಪ್ಪಿಹೋಗುತ್ತದೆ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟ: ‘ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತೆ, ಕೈಯಿಟ್ಟು ತೋರಿಸಿ.’ ಎದೆ ಬಿಟ್ಟು ಗಂಟಲು ಮುಟ್ಟಿ ತೋರಿಸಿದರೆ, ಉಸಿರು ಎಳೆಯುವಾಗಲೇ ಕಷ್ಟ ಜಾಸ್ತಿ ಅಂದರೆ, ಇನ್‌ಹೇಲರ್‌ನಿಂದ ಏನೂ ಉಪಯೋಗ ಆಗದಿದ್ದರೆ, ಧ್ವನಿತಂತುಗಳು ತೆರೆಯಬೇಕಾದ ಹೊತ್ತಲ್ಲಿ ಮುಚ್ಚಿಕೊಳ್ಳುತ್ತಿರಬಹುದು. ಖಚಿತವಾಗುವುದು ತೊಂದರೆ ಆಗುತ್ತಿರುವಾಗಲೇ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ. ಇದಕ್ಕೆ ಮುಖ್ಯ ಚಿಕಿತ್ಸೆ ಕೊಡುವವರು ಸ್ಪೀಚ್ ಥೆರಪಿಸ್ಟ್. ಇದು ಅಸ್ತಮಾದ ಜೊತೆಗೂ ಇರಬಹುದು, ಹಾಗಾಗಿ ಇನ್‌ಹೇಲರನ್ನು ರೋಗಿ ತಾವಾಗಿ ನಿಲ್ಲಿಸಬಾರದು.

ಗಾಬರಿಯಿಂದ ಬರುವ ಉಸಿರಾಟದ ತೊಂದರೆಯೂ ನಿಜವಾದದ್ದೇ, ನಾಟಕವಲ್ಲ. ಉಸಿರು ಸಾಲದು ಅನ್ನಿಸಿ ಜೋರಾಗಿ ಎಳೆದಷ್ಟೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ರಕ್ತ ಕ್ಷಾರದ ಕಡೆ ವಾಲಿ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಮೆದುಳಿನ ರಕ್ತನಾಳ ಕುಗ್ಗಿ ತಲೆ ತೇಲಿದಂತಾಗುತ್ತದೆ. ಅದರಿಂದ ಭಯ, ಭಯದಿಂದ ಇನ್ನೂ ಜೋರು ಉಸಿರು. ಆದರೆ ಮಧುಮೇಹಿ ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದರೆ ಅದು ಕೀಟೋನ್ ಏರಿ ರಕ್ತ ಆಮ್ಲೀಯವಾಗಿರುವುದರ ಗುರುತಾಗಿರಬಹುದು, ಮೊದಲು ಶುಗರ್, ಕೀಟೋನ್ ನೋಡಲೇಬೇಕು. ಮೂಗಿಗೆ ಕಾಗದದ ಚೀಲ ಹಿಡಿಯುವ ಹಳೇ ಉಪಾಯ ಬೇಡವೇ ಬೇಡ. ಕಾರಣ ಹೃದಯದಲ್ಲೋ ಶ್ವಾಸಕೋಶದಲ್ಲೋ ಇದ್ದರೆ ಅದು ಪ್ರಾಣಕ್ಕೇ ಕುತ್ತು. ಬದಲಿಗೆ ಮೂಗಿನಿಂದ ಮೆಲ್ಲಗೆ, ಹೊಟ್ಟೆ ಏಳುವಂತೆ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡುವುದನ್ನು ಕಲಿಸಿ. ಆರಾಮಾಗಿರುವಾಗ ದಿನಾ ಅಭ್ಯಾಸ ಮಾಡಿದ್ದರೆ ಮಾತ್ರ ಗಾಬರಿಯಲ್ಲಿ ಅದು ಕೈಗೆ ಬರುತ್ತದೆ.

ಕಾರಣ ಹುಡುಕುತ್ತಿರುವಾಗಲೂ ರೋಗಿಗೆ ಸ್ವಲ್ಪ ನೆಮ್ಮದಿ ಕೊಡಬಹುದು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆ ಮೇಲೆ ಊರಿ ಕೂರಿಸಿ. ಸಿಒಪಿಡಿ ಇರುವವರಿಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಊದುವುದು ಒಳ್ಳೆಯದು, ಶ್ವಾಸನಾಳ ಬೇಗ ಮುಚ್ಚಿಕೊಳ್ಳುವುದಿಲ್ಲ. ಮುಖಕ್ಕೆ ಪುಟ್ಟ ಫ್ಯಾನ್‌ನ ಗಾಳಿ ಬಿಟ್ಟರೂ ಉಸಿರಿನ ಸಂಕಟ ತಗ್ಗುತ್ತದೆ. ಮೂಗು, ಕೆನ್ನೆಗೆ ತಂಪು ತಾಗಿದಾಗ ಅಲ್ಲಿನ ನರ ಮೆದುಳಿಗೆ ಸುದ್ದಿ ಕಳಿಸುವುದೇ ಇದಕ್ಕೆ ಕಾರಣ ಅನ್ನುತ್ತಾರೆ.

ಏದುಸಿರು ಬರುತ್ತದೆ ಅಂತ ಹೆದರಿ ನಡೆಯುವುದನ್ನೇ ಬಿಟ್ಟವರಿಗೆ ಕಾಲಿನ ಸ್ನಾಯು ಸೊರಗಿ, ಮುಂದೆ ಹತ್ತು ಹೆಜ್ಜೆಗೂ ಉಸಿರು ಸಾಲುವುದಿಲ್ಲ. ಕೋವಿಡ್ ಆದ ಮೇಲೆ ಎಷ್ಟೋ ಜನರಲ್ಲಿ ಇದನ್ನು ಕಂಡಿದ್ದೇವೆ, ಅಲ್ವಾ? ಅಪಾಯದ ಕಾರಣ ಇಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ, ನಡೆಯುತ್ತಾ ಮಾತಾಡಲು ಆಗುವಷ್ಟು ವೇಗದಲ್ಲಿ ಶುರು ಮಾಡಿಸಿ. ಜೊತೆಯವರಿಗಿಂತ ಹಿಂದೆ ಬೀಳುತ್ತಾರಾ, ನೂರು ಮೀಟರ್‌ಗೇ ನಿಲ್ಲುತ್ತಾರಾ ಅಂತ ಪ್ರತಿ ಭೇಟಿಯಲ್ಲೂ ಕೇಳಿ ಬರೆದಿಡಿ. ಏದುಸಿರಿನ ಮಟ್ಟ ಹೇಳುವ ಎಂಎಂಆರ್‌ಸಿ ಅಳತೆಯಲ್ಲಿ ಮೊದಲನೆಯದು 2ನೇ ದರ್ಜೆ, ಎರಡನೆಯದು 3ನೇ ದರ್ಜೆ. ಮೂರರಿಂದ ಎರಡಕ್ಕೆ ಇಳಿದರೆ ರೋಗಿಗೆ ಅದನ್ನು ತೋರಿಸಿ.